ಸಹಾಯ ಬೇಕು: ಹಾಲೆ ಮರದ ತೊಗಟೆಯಿಂದ ಎಕಿಟಮಿನ್ ಬೇರ್ಪಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ತುಳುನಾಡಿನಲ್ಲಿ ಆಟಿ (ಮಳೆಗಾಲದ ತುಳು ತಿಂಗಳು) ಅಮಾವಾಸ್ಯೆಯ ಮುಂಜಾನೆ ಕುಡಿಯುವ, ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದ ಹಾಲೆ ಮರದ ತೊಗಟೆಯ ಕಷಾಯದ ಮೇಲೆ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಆಟಿಯ ತೊಗಟೆಯಲ್ಲಿಯೂ ಬೇಸಿಗೆಯ ತೊಗಟೆಯಲ್ಲಿಯೂ ಇರುವ ಎಕಿಟಮಿನ್ ಎಂಬ ಆಲ್ಕಲಾಯ್ಡ್‌ನ (ಸಾರಜನಕವುಳ್ಳ ಸಸ್ಯ ರಾಸಾಯನಿಕದ) ಪ್ರಮಾಣವನ್ನು ಹೋಲಿಸುವುದು ಉದ್ದೇಶ. (ವಿಷಕಾರಿ ಕಾಸರಕ ಮರದ ತೊಗಟೆ ಬೆರೆತರೆ ಜೀವಕ್ಕೇ ಅಪಾಯವಾದ್ದರಿಂದ, ಮರವನ್ನು ಸಸ್ಯಶಾಸ್ತ್ರ ವಿಭಾಗದವರಿಂದ ಮೊದಲೇ ಗುರುತಿಸಿಕೊಂಡಿದ್ದೇನೆ.)

ಹಿರಿಯರು ಕುಡಿಯುವುದು ನೀರಿನ ಕಷಾಯವನ್ನೇ ಆದ್ದರಿಂದ ಮೆಥನಾಲ್ ಬಿಟ್ಟು ನೀರಿನಲ್ಲಿಯೇ ಸಾರ ತೆಗೆದು, ಆಮ್ಲೀಯಗೊಳಿಸಿ, ಬಳಿಕ ಅಮೋನಿಯ ಸೇರಿಸಿ ಕ್ಲೋರೋಫಾರ್ಮ್‌ನಿಂದ ಬೇರ್ಪಡಿಸಿದೆ. ಆದರೆ ಕ್ಲೋರೋಫಾರ್ಮ್ ಪದರದಲ್ಲಿ ಆಲ್ಕಲಾಯ್ಡ್ ಇದೆಯೇ ಎಂದು ತೋರಿಸುವ ಡ್ರಾಗೆಂಡಾರ್ಫ್ ಪರೀಕ್ಷೆ ತೀರ ಮಂದವಾಗಿ ಬರುತ್ತಿದ್ದು, ಉಳಿದ ನೀರಿನ ಪದರವನ್ನು ಮತ್ತೆ ಆಮ್ಲೀಯಗೊಳಿಸಿ ಅದೇ ಪರೀಕ್ಷೆ ಮಾಡಿದಾಗ ಗಾಢ ಕಿತ್ತಳೆ ಬಣ್ಣದ ಒತ್ತರ (ದ್ರಾವಣದಿಂದ ಬೇರ್ಪಟ್ಟ ಘನ) ಕಾಣುತ್ತಿದೆ.

ಎಕಿಟಮಿನ್ ಕ್ವಾಟರ್ನರಿ (ಸದಾ ಧನ ವಿದ್ಯುದಂಶ ಹೊತ್ತ) ಆಲ್ಕಲಾಯ್ಡ್ ಆಗಿರುವುದರಿಂದ ಅದು ನೀರಿನಲ್ಲಿಯೇ ಉಳಿದಿದೆ ಎಂದು ತಿಳಿಯಬಹುದೇ? ಹಾಗಿದ್ದಲ್ಲಿ ಎನ್‌-ಬ್ಯೂಟನಾಲ್ ಎಂಬ ದ್ರಾವಕದಿಂದ ತೆಗೆಯುವುದು ಸರಿಯೇ, ಅಥವಾ ಕಷಾಯವನ್ನೇ ಸೋಸಿ ನೇರವಾಗಿ ಎಚ್‌ಪಿಎಲ್‌ಸಿಗೆ (ಘಟಕಗಳನ್ನು ಬೇರ್ಪಡಿಸಿ ಅಳೆಯುವ ಉಪಕರಣಕ್ಕೆ) ಕೊಡುವುದು ಮೇಲೇ? ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.