ಸ್ಕ್ಯಾಮ್ 1992 ಅಪ್ಪನ ಜೊತೆ ನೋಡಬಹುದಾ?

ಮಲ್ಲೇಶ್ವರದ ಹುಡುಗಿ:
ಹರ್ಷದ್ ಮೆಹ್ತಾ ಶೇರು ಹಗರಣದ ಮೇಲಿನ ಹಿಂದಿ ವೆಬ್ ಸರಣಿ, ಹತ್ತು ಎಪಿಸೋಡ್ ಇದೆ. ಶೇರಿನ ಗಂಧಗಾಳಿ ಇಲ್ಲದವರಿಗೆ ಅರ್ಥ ಆಗುತ್ತಾ?

ಜಯನಗರ ನಿವೃತ್ತ:
ಧಾರಾಳವಾಗಿ ನೋಡಿಯಮ್ಮ. ಆಗ ನಾನು ಇಲ್ಲೇ ಒಂದು ಬ್ಯಾಂಕಿನಲ್ಲಿ ಗುಮಾಸ್ತ. ಶೇರುಪೇಟೆಯ ರಿಂಗಿನಲ್ಲಿ, ಅಂದರೆ ವಹಿವಾಟಿನ ಅಂಗಳದಲ್ಲಿ, ಕೈ ಎತ್ತಿ ಕೂಗಾಡೋದು, ಎಲ್ಲವೂ ಕಾಗದದ ಮೇಲೇ ನಡೆಯೋದು, ಆ ಕಾಲ ಕಣ್ಣಿಗೆ ಕಟ್ಟುತ್ತೆ. ಬಿ.ಆರ್., ಅಂದರೆ ಬ್ಯಾಂಕ್ ರಸೀದಿ, ಏನು ಅನ್ನೋದು ತಿಳಿದರೆ ಸಾಕು. ಒಂದು ಬ್ಯಾಂಕು ಸರ್ಕಾರಿ ಬಾಂಡ್ ಮಾರಿ, ಬಾಂಡಿನ ಬದಲು ‘ನಿಮ್ಮದು ನಮ್ಮಲ್ಲಿದೆ’ ಅಂತ ಒಂದು ರಸೀದಿ ಕೊಡುತ್ತಿತ್ತು. ಬಾಂಡೇ ಇಲ್ಲದೆ ಬ್ಯಾಂಕ್ ಆಫ್ ಕರಾಡ್ ಅಂಥ ರಸೀದಿ ಕೊಟ್ಟಿತು. ಅದನ್ನು ನಂಬಿ ಬೇರೆ ಬ್ಯಾಂಕುಗಳು ಕೊಟ್ಟ ದುಡ್ಡು ದಲ್ಲಾಳಿ ಹರ್ಷದ್ ಮೆಹ್ತಾ ಮೂಲಕ ಶೇರುಪೇಟೆಗೆ ಹರಿಯಿತು. ಇಷ್ಟು ಒಣ ವಿಷಯವನ್ನು ಬೇಜಾರಾಗದ ಹಾಗೆ ಹೇಳಿದ್ದಾರೆ, ಅದು ದೊಡ್ಡ ಕೆಲಸ.

ನನಗೆ ಸಿಟ್ಟು ಬಂದದ್ದು ಹರ್ಷದ್ ಮೆಹ್ತಾನನ್ನು ಮೆರೆಸಿದ ರೀತಿಗೆ. ಆ ಮ್ಯೂಸಿಕ್ ಹಾಕಿದರೆ ಯಾರಾದರೂ ಹೀರೋನೇ! ನಮ್ಮ ಶಾಖೆಯ ಒಬ್ಬರು ಮಗಳ ಮದುವೆ ದುಡ್ಡು ತೆಗೆದು ಶೇರು ಕೊಂಡಿದ್ದರು. ಅಂಥವರ ಮನೆ ಕಥೆಗೆ ಇನ್ನೂ ಜಾಗ ಕೊಡಬೇಕಿತ್ತು.

ವಿಜಯನಗರ ವೀಕ್ಷಕ:
ಸರ್, ಹರ್ಷದ್ ಪಾತ್ರದಲ್ಲಿ ಪ್ರತೀಕ್ ಗಾಂಧಿ ನಟನೆಯೇ ಅಷ್ಟು ಚೆನ್ನಾಗಿದೆ, ಏನು ಮಾಡೋದು? ಆದರೆ 1992ರ ಏಪ್ರಿಲ್ 23ರ ಪತ್ರಕರ್ತೆ ಸುಚೇತಾ ದಲಾಲ್ ಹಗರಣ ಬಯಲಿಗೆಳೆದ ವರದಿಯ ಭಾಗವೇ ನನಗೆ ಹೆಚ್ಚು ಇಷ್ಟ. ಕೊನೇ ಎರಡು ಎಪಿಸೋಡ್ ಎಳೆದಿದ್ದಾರೆ. ಹಿಂದಿ ಬೈಗುಳ ಬೇಕಾದಷ್ಟಿದೆ, ಅಪ್ಪಂಗೆ ಮೊದಲೇ ಹೇಳಿಬಿಡಿ.