ಟಿಮ್ ಬೆಲ್ ಜೀನಿಯಸ್ಸಾ? ನಮ್ಮ ಮನೆ ಗ್ರೂಪ್‌ನಲ್ಲಿ ನಡೆದ ವಾದ

ಅಣ್ಣ: (ಫಾರ್ವರ್ಡ್ ಮಾಡಿದ ಲಿಂಕ್) ಟಿಮ್ ಬೆಲ್ ಅನ್ನೋ ಬ್ರಿಟಿಷ್ ಜಾಹೀರಾತಿನೋನ ಬಗ್ಗೆ ಲೇಖನ, ಎಲ್ರೂ ಓದಿ, ಮುಖ್ಯವಾಗಿ ಪುಟ್ಟಿ ಓದ್ಬೇಕು. ಕಾಲೇಜು ಮೆಟ್ಟಿಲು ಹತ್ತದ ಹುಡುಗ, 1970ರಲ್ಲಿ ಸಾಚಿ ಸಹೋದರರು ಜಾಹೀರಾತು ಏಜೆನ್ಸಿ ಶುರು ಮಾಡ್ದಾಗ ಜೊತೆಗೆ ನಿಂತ, ಎಂಟೇ ವರ್ಷಕ್ಕೆ ಥ್ಯಾಚರ್ ಅವ್ರ ಕನ್ಸರ್ವೇಟಿವ್ ಪಾರ್ಟಿ ಅಕೌಂಟ್, ಅಂದ್ರೆ ಪ್ರಚಾರದ ಕೆಲ್ಸ, ಕೈಯಲ್ಲಿತ್ತು, ಆಮೇಲೆ ಸರ್ ಆದ, 1998ರಲ್ಲಿ ಲಾರ್ಡ್ ಆದ. ಕೆರಿಯರ್ ಅಂದ್ರೆ ಇದು

ಪುಟ್ಟಿ: ಆ ಕ್ಯೂ ಪೋಸ್ಟರ್ ಇವ್ರದ್ದೇನಾ? ನಮ್ ಕ್ಲಾಸಲ್ಲಿ ತೋರ್ಸಿದ್ರು

ಅಣ್ಣ: ಹೂಂ ಅದೇ. ಉದ್ಯೋಗ ಕಚೇರಿ ಮುಂದೆ ಹಾವಿನ ಥರ ಕ್ಯೂ, ಮೇಲೆ 'ಲೇಬರ್ ಈಸಂಟ್ ವರ್ಕಿಂಗ್'. ಆಗ ಅಧಿಕಾರದಲ್ಲಿದ್ದ ಲೇಬರ್ ಪಾರ್ಟಿ ಕೈಲಿ ಆಗ್ತಿಲ್ಲ ಅಂತಾನೂ ಆಯ್ತು, ದುಡಿಯೋರಿಗೆ ಕೆಲ್ಸ ಇಲ್ಲ ಅಂತಾನೂ ಆಯ್ತು. ಜೀನಿಯಸ್

ನಾನು: ಆ ಸಾಲು ಬರ್ದಿದ್ದು ಆಂಡ್ರೂ ರದರ್‌ಫರ್ಡ್ ಅನ್ನೋ ಕಾಪಿರೈಟರ್, ಅಂದ್ರೆ ಜಾಹೀರಾತಿನ ಸಾಲು ಬರೆಯೋನು, ಅಣ್ಣಾ. ಥ್ಯಾಚರ್‌ಗೆ ಮೊದ್ಲು ಇಷ್ಟ ಆಗ್ಲಿಲ್ಲ, ನಮ್ ಪೋಸ್ಟರಲ್ಲಿ ಎದುರಾಳಿ ಹೆಸ್ರು ಯಾಕೆ ಅಂತ ತಕರಾರು, ಅದನ್ನ ಒಪ್ಪಿಸೋದೇ ಬೆಲ್ ಥರದವರ ಕೆಲ್ಸ. ಅದ್ರಲ್ಲಿ ಅವ್ನು ನಿಜವಾಗ್ಲೂ ದೊಡ್ಡವನೇ, ಇಲ್ಲ ಅನ್ನಲ್ಲ

ಪುಟ್ಟಿ: ಕ್ಯೂಲಿ ಇದ್ದೋರೆಲ್ಲ ನಿಜವಾದ ನಿರುದ್ಯೋಗಿಗಳಾ?

ನಾನು: ಒಬ್ರೂ ಅಲ್ಲ. ಲಂಡನ್ನಿನ ಹೆಂಡನ್ ಅನ್ನೋ ಕಡೆಯ ಯಂಗ್ ಕನ್ಸರ್ವೇಟಿವ್ಸ್, ಅಂದ್ರೆ ಅದೇ ಪಾರ್ಟಿ ಯುವ ಕಾರ್ಯಕರ್ತರು. ನೂರು ಜನ ಬೇಕಿತ್ತು, ಬಂದಿದ್ದು ಸುಮಾರು ಇಪ್ಪತ್ತು. ಹಗ್ಗ ಹಾಸಿ ಕ್ಯೂ ಎಲ್ಲಿ ತಿರುಗ್ಬೇಕು ಅಂತ ಗುರ್ತು ಮಾಡ್ಕೊಂಡು ಅದೇ ಇಪ್ಪತ್ತು ಜನನ್ನ ಅಲ್ಲಿ ನಿಲ್ಸು ಇಲ್ಲಿ ನಿಲ್ಸು ಅಂತ ಮತ್ತೆ ಮತ್ತೆ ಫೋಟೋ ತೆಗ್ದು ಅಂಟಿಸಿದ್ರು. ಲೇಬರ್ ಮಂತ್ರಿ ಡೆನಿಸ್ ಹೀಲಿ ಪಾರ್ಲಿಮೆಂಟಲ್ಲಿ ಇದು ಮೋಸ ಅಂತ ಕೂಗಾಡಿದ, ಅದ್ರಿಂದ ಪೋಸ್ಟರ್ ಎಲ್ಲಾ ಪೇಪರಲ್ಲೂ ಬಂತು, ಪುಕ್ಕಟೆ ಪ್ರಚಾರ

ಅತ್ತಿಗೆ: ಹಂಗಾದ್ರೆ ಸುಳ್ಳೇ ತಾನೆ. ಇವ್ರು ಗೆದ್ದ ಮೇಲಾದ್ರೂ ಕ್ಯೂ ಕಮ್ಮಿ ಆಯ್ತಾ?

ನಾನು: ಇಲ್ಲ ಅತ್ಗೆ, 1982ಕ್ಕೆ ನಿರುದ್ಯೋಗಿಗಳ ಲೆಕ್ಕ 30 ಲಕ್ಷ ದಾಟ್ತು, ಪೋಸ್ಟರ್ ಬಂದಾಗ ಇದ್ದಿದ್ದರ ಹೆಚ್ಚುಕಮ್ಮಿ ಎರಡರಷ್ಟು

ದೊಡ್ಡಮಾವ: ನಲವತ್ತು ವರ್ಷ ಕೋರ್ಟಲ್ಲಿ ಕಳೆದವನು ಹೇಳ್ತೀನಿ ಕೇಳಿ. ಕೊಲೆ ಆರೋಪಿಗೂ ವಕೀಲ ಬೇಕು. ಸರ್ಕಾರ ಏನ್ ಮಾಡ್ತು ಅನ್ನೋದಕ್ಕೆ ಜಾಹೀರಾತು ಮಾಡ್ದೋನು ಹೊಣೆ ಅಲ್ಲ. ಕಕ್ಷಿದಾರನ ಪಾಪ ವಕೀಲನಿಗೆ ಅಂಟಲ್ಲ.

ಅಣ್ಣ: ಕರೆಕ್ಟ್ ಮಾವ 👏👏 ಬೆಲ್ ಹೇಳ್ತಿದ್ದಿದ್ದೂ ಹೆಚ್ಚುಕಮ್ಮಿ ಇದನ್ನೇ. ಚಿಲಿಯ ಸರ್ವಾಧಿಕಾರಿ ಪಿನೋಷೆ ಕಡೆಯೋರಿಗೂ ಮಾಡ್ದ, ಬೆಲಾರೂಸಿನ ಅಧ್ಯಕ್ಷ ಲುಕಾಶೆಂಕೋಗೂ ಮಾಡ್ದ, ಕೆಲ್ಸ ಕೆಲ್ಸ ಅಷ್ಟೇ

ನಾನು: ಮಾವಾ, ಪೋಸ್ಟರ್ ವಿಷ್ಯದಲ್ಲಿ ನಿಮ್ ಮಾತು ಒಪ್ತೀನಿ. ಯಾಕಂದ್ರೆ ಅದ್ರ ಕೆಳಗೆ 'ಕನ್ಸರ್ವೇಟಿವ್ಸ್ ಬಂದ್ರೆ ಬ್ರಿಟನ್ನಿಗೆ ಒಳ್ಳೇದು' ಅಂತ ಹೆಸ್ರು ಹಾಕಿ ಬರ್ದಿತ್ತು. ನೋಡ್ದೋನಿಗೆ ಇದು ಯಾರ ಮಾತು, ಯಾರ ದುಡ್ಡು ಅಂತ ಗೊತ್ತಿತ್ತು, ನಂಬೋದು ಬಿಡೋದು ಅವ್ನಿಷ್ಟ. ಆದ್ರೆ ಈ ಲೇಖನ ಕೊನೇ ಅಧ್ಯಾಯನ ಎರಡೇ ಲೈನಲ್ಲಿ ಮುಗಿಸಿಬಿಟ್ಟಿದೆ ನೋಡಿ. ಅವ್ನ ಪಿಆರ್ (ಸಾರ್ವಜನಿಕ ಸಂಪರ್ಕ) ಕಂಪನಿ ಬೆಲ್ ಪಾಟಿಂಜರ್ 2016ರಲ್ಲಿ ದಕ್ಷಿಣ ಆಫ್ರಿಕಾದ ಗುಪ್ತಾ ಕುಟುಂಬದ ಓಕ್‌ಬೇ ಕಂಪನಿ ಅಕೌಂಟ್ ತಗೊಳ್ತು, ತಿಂಗಳಿಗೆ 1 ಲಕ್ಷ ಪೌಂಡ್. ಅಧ್ಯಕ್ಷ ಜೂಮಾ ಜೊತೆ ಸೇರಿ ದೇಶ ದೋಚ್ತಿದ್ದಾರೆ ಅಂತ ಗುಪ್ತಾಗಳ ಮೇಲೆ ಆರೋಪ ಇತ್ತಲ್ಲ, ಆ ಗಮನ ಬೇರೆ ಕಡೆ ತಿರುಗಿಸೋಕೆ 'ಬಿಳಿಯರ ಬಂಡವಾಳದ ಏಕಸ್ವಾಮ್ಯ' ಅನ್ನೋ ಮಾತನ್ನ ಊರೆಲ್ಲ ಹಬ್ಬಿಸಿದ್ರು, ಟ್ವಿಟರ್ ತುಂಬ ನಕಲಿ ಅಕೌಂಟ್‌ಗಳು ಅದನ್ನೇ ಕೂಗಿದ್ವು. ವರ್ಣಭೇದದ ಗಾಯ ಇನ್ನೂ ಹಸಿಯಾಗಿರೋ ದೇಶದಲ್ಲಿ! ನಿಮ್ ಕೋರ್ಟಲ್ಲಿ ಎದುರು ವಕೀಲ ಇರ್ತಾನೆ, ಜಡ್ಜ್ ಇರ್ತಾರೆ, ನೀವು ಯಾರ ಪರ ಅಂತ ವಕಾಲತ್ತು ಹಾಕಿರ್ತೀರಿ. ಇಲ್ಲಿ ವಕಾಲತ್ತು ಎಲ್ಲಿದೆ ಮಾವಾ

ದೊಡ್ಡಮಾವ: ವಕಾಲತ್ತು ಇಲ್ಲದೆ ವಾದ ಮಾಡೋದು ತಪ್ಪೇ. ಆದ್ರೆ ಅವನು ಆಗ ಕಂಪನಿ ಬಿಟ್ಟಿದ್ನಂತಲ್ಲ?

ನಾನು: ಬಿಟ್ಟಿದ್ದು 2016ರ ಆಗಸ್ಟಲ್ಲಿ. ಜನವರಿಲಿ ಜೋಹಾನ್ಸ್‌ಬರ್ಗಿಗೆ ಹೋಗಿ ಗುಪ್ತಾಗಳ ಜೊತೆ ಮಾತಾಡಿ ಬಂದವನು ಅವ್ನೇ. 2017ರ ಸೆಪ್ಟೆಂಬರ್ 4ಕ್ಕೆ ಬ್ರಿಟನ್ನಿನ ಪಿಆರ್ ಸಂಘ ಆ ಕಂಪನೀನ ಉಚ್ಚಾಟನೆ ಮಾಡ್ತು, ಒಂದೇ ವಾರದಲ್ಲಿ ಕ್ಲೈಂಟ್‌ಗಳೆಲ್ಲ ಜಾಗ ಖಾಲಿ ಮಾಡಿ ಬಾಗ್ಲು ಹಾಕೋ ಸ್ಥಿತಿಗೆ ಬಂತು. ಅವ್ನು 2019ರಲ್ಲಿ ತೀರ್ಕೊಂಡ

ಅಣ್ಣ: ನೀನು ಈ ಫೀಲ್ಡ್ ಬಿಟ್ಟೋಳು, ನಿಂಗೆ ಮಾತಾಡೋದು ಸುಲಭ. ಎಲ್ಲಾ ಏಜೆನ್ಸಿನೂ ಒಂದಿಷ್ಟು ಮಾಡುತ್ತೆ

ನಾನು: ಯಾಕೆ ಬಿಟ್ಟೆ ಅಂತ ಮನೇಲಿ ಯಾರಿಗೂ ಸರಿಯಾಗಿ ಹೇಳಿಲ್ಲ, ಹೇಳ್ತೀನಿ. ನಾನಿದ್ದ ಏಜೆನ್ಸಿಲಿ ಒಂದು ಎಲೆಕ್ಷನ್ ಟೈಮಲ್ಲಿ ಎಕ್ಸೆಲ್ ಶೀಟ್ ಕೊಟ್ರು. ಹೆಸ್ರು, ವಯಸ್ಸು, ಕೆಲ್ಸ, ಹೇಗೆ ಮಾತಾಡ್ತಾರೆ ಅಂತ ಕಾಲಂ. ನಂಗೆ ಬಂದಿದ್ದು 61 ವರ್ಷದ ನಿವೃತ್ತ ಟೀಚರ್. ಅಂಥ ಟೀಚರ್ ಇರ್ಲೇ ಇಲ್ಲ. ಅವ್ರ ಹೆಸ್ರಲ್ಲಿ ದಿನಕ್ಕೆ ಎಂಟು ಕಾಮೆಂಟ್ ಹಾಕ್ಬೇಕು, ಮಂಡಿ ನೋವಿನ ವಿಷ್ಯ ಮಧ್ಯೆ ಮಧ್ಯೆ ತರ್ಬೇಕು ಆಗ ನಿಜ ಅನ್ಸುತ್ತೆ ಅಂತ ಹೇಳ್ಕೊಟ್ರು. ಮೂರನೇ ದಿನ ಯಾರೋ ಒಬ್ಬ ಹುಡುಗ ರಿಪ್ಲೈ ಮಾಡ್ದ, 'ಮೇಡಂ ನಿಮ್ ಥರದವ್ರು ಹೇಳಿದ್ಮೇಲೆ ನಾನೂ ಅವ್ರಿಗೇ ವೋಟ್ ಹಾಕ್ತೀನಿ, ನಿಮ್ ಕಾಲು ನೋವು ಹೇಗಿದೆ' ಅಂತ. ಅವತ್ತು ನಂಗೆ ಊಟ ಸೇರ್ಲಿಲ್ಲ

ಅತ್ತಿಗೆ: ಅಯ್ಯೋ ಕಣೇ

ಪುಟ್ಟಿ: ಅವ್ನಿಗೆ ಏನ್ ರಿಪ್ಲೈ ಮಾಡ್ದೆ?

ನಾನು: ಏನೂ ಮಾಡ್ಲಿಲ್ಲ. ಅಕೌಂಟ್ ಪಾಸ್‌ವರ್ಡ್ ವಾಪಸ್ ಕೊಟ್ಟು ಬಂದೆ. ಅವ್ನಿಗೆ ನಿಜ ಹೇಳ್ಬೇಕಿತ್ತು, ಹೇಳ್ಲಿಲ್ಲ, ಅದು ಇವತ್ತಿಗೂ ಚುಚ್ಚುತ್ತೆ

ಅಣ್ಣ: ಇದು ಗೊತ್ತಿರ್ಲಿಲ್ಲ ನಂಗೆ

ಅಣ್ಣ: ಆದ್ರೂ ನೀನಂದುಕೊಂಡಷ್ಟು ಸರಳ ಇಲ್ಲ ಇದು. ಗುರುವಾರ ನಮ್ ಏಜೆನ್ಸಿಗೆ ಒಂದು ಪಾರ್ಟಿ ಪ್ರಚಾರದ ಕೆಲ್ಸ ಹಿಡಿಯೋ ಪಿಚ್ ಇದೆ, ಅವ್ರು ಬೇಕು ಅಂತ ಕೊಟ್ಟ ಬ್ರೀಫಲ್ಲಿ 'ಜನರ ದನಿ' ಅಂತ ಒಂದು ಐಟಂ ಇದೆ, ಅದೇನು ಅಂತ ನಾನೂ ಕೇಳಿಲ್ಲ ಅವ್ರೂ ಹೇಳಿಲ್ಲ. ಹನ್ನೊಂದು ಜನಕ್ಕೆ ಸಂಬಳ ಕೊಡ್ಬೇಕು

ದೊಡ್ಡಮಾವ: ಕೇಳು. ಬರಹದಲ್ಲಿ ಕೇಳು.

ನಾನು: ಪೋಸ್ಟರ್ ಆದ್ರೆ ಕಾಪಿ ನಾನೇ ಬರ್ಕೊಡ್ತೀನಿ ಅಣ್ಣಾ, ಕೆಳಗೆ ಪಾರ್ಟಿ ಹೆಸ್ರು ಇರ್ಬೇಕು ಅಷ್ಟೇ. ಆ ಇನ್ನೊಂದು ಐಟಂಗೆ ಅವ್ರು ಏನಂತಾರೆ ಅಂತ ಗುರುವಾರ ಇಲ್ಲೇ ಹಾಕು