ಡಿ3500ಕ್ಕೆ ಹಳೆಯ ಮ್ಯಾನುಯಲ್ ಲೆನ್ಸ್: ವ್ಯೂಫೈಂಡರಿನಲ್ಲಿ ಸ್ಪಷ್ಟ, ಚಿತ್ರದಲ್ಲಿ ಮಸುಕು

ಹೊಸಗಣ್ಣು:
ನನ್ನ ಬಳಿ ಇರುವುದು ನಿಕಾನ್ ಡಿ3500. ಚಿಕ್ಕಪ್ಪ ಫಿಲ್ಮ್ ಕಾಲದಲ್ಲಿ ಬಳಸುತ್ತಿದ್ದ ನಿಕ್ಕೋರ್ 50 ಮಿ.ಮೀ. ಎಫ್/1.8 ಲೆನ್ಸ್ ಈಗ ನನ್ನ ಪಾಲಿಗೆ ಬಂದಿದೆ. ಎ ಮೋಡಿನಲ್ಲಿ (ಶಟರ್ ವೇಗವನ್ನು ಕ್ಯಾಮೆರಾವೇ ಆರಿಸುವ ಮೋಡ್) ‘ಎಫ್’ ಪಕ್ಕದ ಅಡ್ಡಗೆರೆಗಳು ಮಿನುಗುತ್ತವೆ, ಶಟರ್ ಬೀಳುವುದೇ ಇಲ್ಲ. ಎಲ್ಲವನ್ನೂ ನಾವೇ ಹೊಂದಿಸುವ ಎಂ ಮೋಡಿನಲ್ಲಿ ಚಿತ್ರ ಬರುತ್ತದೆ, ಆದರೆ ಬೆಳಕಿನ ಅಳತೆ ಸಿಗುವುದಿಲ್ಲ. ಅದನ್ನು ಹೇಗೋ ಸಹಿಸಿಕೊಂಡೇನು. ವ್ಯೂಫೈಂಡರಿನಲ್ಲಿ ಚೆನ್ನಾಗಿ ಕಂಡ ಮುಖವನ್ನು ಕಂಪ್ಯೂಟರಿನಲ್ಲಿ ತೆರೆದರೆ ಕಿವಿ ಸ್ಪಷ್ಟವಾಗಿದೆ, ಕಣ್ಣು ಮಸುಕಾಗಿದೆ! ಲೆನ್ಸ್ ಕೆಟ್ಟಿದೆಯೇ? ಎಂ42 ತಿರುಪಿನ ಹೀಲಿಯೋಸ್ 58 ಮಿ.ಮೀ. ಕೂಡ ಒಂದಿದೆ. ಅಡಾಪ್ಟರ್ ತೆಗೆದುಕೊಳ್ಳಬಹುದೇ?

ಉಂಗುರಬೆರಳು:
ಕಿವಿ ಸ್ಪಷ್ಟವಾಗಿ ಬಂದಿದೆ ಎಂದಮೇಲೆ ಲೆನ್ಸ್ ಆರೋಗ್ಯವಾಗಿಯೇ ಇದೆ. ಸುಳ್ಳು ಹೇಳುತ್ತಿರುವುದು ವ್ಯೂಫೈಂಡರ್.

ಈ ದರ್ಜೆಯ ಕ್ಯಾಮೆರಾಗಳ ಫೋಕಸಿಂಗ್ ಪರದೆಯನ್ನು ಆಟೋಫೋಕಸ್ ಬಳಸುವವರಿಗಾಗಿ ಮಾಡಿದ್ದಾರೆ. ಕ್ಯಾಮೆರಾದ ಜೊತೆಗೇ ಬರುವ ಕಿಟ್ ಲೆನ್ಸ್ ಹಾಕಿದಾಗ ನೋಟ ಕತ್ತಲಾಗಬಾರದು ಎಂಬುದೊಂದೇ ಅದರ ಚಿಂತೆ. ಎಫ್/1.8ರಲ್ಲಿ ಫೋಕಸಿನ ಆಳ (ಹಿಂದೆ ಮುಂದೆ ಸ್ಪಷ್ಟವಾಗಿ ಬರುವ ಅಂತರ) ಎಷ್ಟು ತೆಳುವೋ ಅಷ್ಟು ತೆಳುವಾಗಿ ಅದು ತೋರಿಸುವುದೇ ಇಲ್ಲ, ಸುಮಾರು ಎಫ್/2.8ರಲ್ಲಿ ಹೇಗಿರುತ್ತದೋ ಹಾಗೆ ಕಾಣಿಸುತ್ತದೆ. ಹಳೆಯ ಫಿಲ್ಮ್ ಕ್ಯಾಮೆರಾಗಳ ಪರದೆಯ ನಡುವೆ ಇರುತ್ತಿದ್ದ, ಚಿತ್ರವನ್ನು ಎರಡಾಗಿ ಸೀಳಿ ತೋರಿಸುವ ವೃತ್ತವೂ ಇದರಲ್ಲಿಲ್ಲ. ಒಂದು ಮೀಟರ್ ದೂರದಲ್ಲಿ ನಿಮ್ಮ ಲೆನ್ಸಿಗೆ ಸಿಗುವ ಆಳ ಹತ್ತಿರ ಹತ್ತಿರ 3 ಸೆಂ.ಮೀ. ನೀವು ಉಸಿರು ಬಿಟ್ಟು ಮುಂದಕ್ಕೆ ಬಾಗಿದರೂ ಕಣ್ಣು ತಪ್ಪಿ ಕಿವಿ ಸಿಕ್ಕುತ್ತದೆ.

ಮೊದಲು ವ್ಯೂಫೈಂಡರಿನ ಪಕ್ಕದ ಡಯಾಪ್ಟರ್ (ನಿಮ್ಮ ದೃಷ್ಟಿಗೆ ನೋಟ ಹೊಂದಿಸುವ ಗುಂಡಿ) ಸರಿಪಡಿಸಿ. ಖಾಲಿ ಗೋಡೆಯತ್ತ ಹಿಡಿದು, ಒಳಗಿನ ಅಂಕಿಗಳು ಚೂಪಾಗಿ ಕಾಣುವವರೆಗೆ ಹೊಂದಿಸಿ. ದೃಶ್ಯವನ್ನು ನೋಡಿ ಹೊಂದಿಸಬೇಡಿ. ಆಮೇಲೆ ಎಡಮೂಲೆಯ ಹಸಿರು ಚುಕ್ಕೆಯನ್ನು ಬಳಸಿ. ಆಟೋಫೋಕಸ್ ಇಲ್ಲದ ಲೆನ್ಸಿಗೂ ಅದು ಕೆಲಸ ಮಾಡುತ್ತದೆ. ಆದರೆ ಚುಕ್ಕೆ ಒಂದೇ ಬಿಂದುವಿನಲ್ಲಿ ಹತ್ತುವುದಿಲ್ಲ, ಉಂಗುರ ಸ್ವಲ್ಪ ತಿರುಗುವಷ್ಟೂ ಹೊತ್ತಿಕೊಂಡೇ ಇರುತ್ತದೆ. ಹಾಗಾಗಿ ಹತ್ತಿದ ಕೂಡಲೇ ಕ್ಲಿಕ್ಕಿಸಬೇಡಿ. ಆ ಕಡೆ ಆರುವವರೆಗೆ ತಿರುಗಿಸಿ, ಈ ಕಡೆ ಆರುವವರೆಗೆ ತಿರುಗಿಸಿ, ನಡುವೆ ನಿಲ್ಲಿಸಿ. ಬೆರಳಿಗೆ ಆ ಅಂತರ ಬೇಗ ಒಗ್ಗುತ್ತದೆ. ಮೆನುವಿನಲ್ಲಿ ರೇಂಜ್‌ಫೈಂಡರ್ ಎಂಬ ಇನ್ನೂ ಒಳ್ಳೆಯ ಸೂಚಕವಿದೆ, ಆದರೆ ಅದು ಎಂ ಮೋಡಿನಲ್ಲಿ ಬರುವುದಿಲ್ಲ. ಈ ಲೆನ್ಸೋ ಎಂ ಮೋಡಿನಲ್ಲಿ ಮಾತ್ರ ನಡೆಯುತ್ತದೆ. ಈ ವ್ಯವಸ್ಥೆಯನ್ನು ರೂಪಿಸಿದ ಮಹಾನುಭಾವರಿಗೆ ದೊಡ್ಡ ನಮಸ್ಕಾರ.

ನಿಶ್ಚಲ ವಸ್ತುವಾದರೆ ಟ್ರೈಪಾಡ್ ಹಾಕಿ, ಲೈವ್ ವ್ಯೂನಲ್ಲಿ (ಹಿಂಬದಿಯ ಪರದೆಯಲ್ಲಿ) ಹಿಗ್ಗಿಸಿ ನೋಡಿ. ಅದಕ್ಕಿಂತ ನಂಬಿಕಸ್ತ ವಿಧಾನ ಈ ಕ್ಯಾಮೆರಾದಲ್ಲಿಲ್ಲ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಉಂಗುರವನ್ನು ಎಫ್/1.8ಕ್ಕೆ ತೆರೆದು ಫೋಕಸ್ ಮಾಡಿ, ನಂತರ ಬೇಕಾದ ಅಪರ್ಚರಿಗೆ ತನ್ನಿ. ಮುಖಚಿತ್ರಕ್ಕೆ ಎರಡು ಮೀಟರ್ ದೂರ, ಎಫ್/4 ಇಟ್ಟುಕೊಂಡರೆ 25 ಸೆಂ.ಮೀ. ಆಳ ಸಿಗುತ್ತದೆ. ಮೂಗಿನಿಂದ ಕಿವಿಯವರೆಗೆ ಧಾರಾಳ.

ಬೆಳಕಿನ ಅಳತೆ ಇಲ್ಲದ್ದಕ್ಕೆ ಅಳಬೇಕಿಲ್ಲ. ಕಡು ಬಿಸಿಲಿನಲ್ಲಿ ಐಎಸ್ಒ 100, ಎಫ್/8, 1/400 ಸೆಕೆಂಡ್. ಅಲ್ಲಿಂದ ಮುಂದೆ ಹಿಸ್ಟೋಗ್ರಾಂ (ಚಿತ್ರದಲ್ಲಿ ಬೆಳಕು ಹೇಗೆ ಹಂಚಿದೆ ಎಂದು ತೋರಿಸುವ ನಕ್ಷೆ) ನೋಡಿ ತಿದ್ದಿಕೊಳ್ಳಿ. ಬೆಳಕು ಬದಲಾಗದಿದ್ದರೆ ಮತ್ತೆ ಮುಟ್ಟುವ ಅಗತ್ಯವೇ ಇಲ್ಲ.

ತಿರುಪು42:
ಹೀಲಿಯೋಸ್ ವಿಷಯ ನನಗಿರಲಿ. ಎಂ42 ಲೆನ್ಸ್ ಸಂವೇದಕದಿಂದ 45.46 ಮಿ.ಮೀ. ದೂರದಲ್ಲಿ ಕೂರಬೇಕು. ನಿಕಾನಿನ ಮೌಂಟೇ (ಲೆನ್ಸ್ ಕೂರುವ ಜಾಗ) 46.5 ಮಿ.ಮೀ. ದೂರದಲ್ಲಿದೆ. ಅದರ ಮೇಲೆ ಅಡಾಪ್ಟರಿನ ದಪ್ಪ. ಒಟ್ಟು 2 ಮಿ.ಮೀ. ಮುಂದೆ ಹೋದರೂ 58 ಮಿ.ಮೀ. ಲೆನ್ಸಿನ ಫೋಕಸ್ ಒಂದೂಮುಕ್ಕಾಲು ಮೀಟರಿನ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಬೆಟ್ಟ, ಬೀದಿ ಎಲ್ಲ ಮಸುಕು. ಗಾಜು ಕೂರಿಸಿದ ಅಡಾಪ್ಟರ್ ಅನಂತದವರೆಗೆ ಮುಟ್ಟಿಸುತ್ತದೆ, ಆದರೆ ಅಗ್ಗದ ಗಾಜಿನಿಂದ ಚಿತ್ರದ ಚೂಪೇ ಹೋಗುತ್ತದೆ. ಕ್ಯಾನನ್ ಇಎಫ್ ಮೌಂಟ್ 44 ಮಿ.ಮೀ. ಆದ್ದರಿಂದ ಅದರಲ್ಲಿ ತೆಳು ಅಡಾಪ್ಟರ್ ಸಾಕು. ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾ ಆದರಂತೂ ಕೇಳುವುದೇ ಬೇಡ: ಸೋನಿ ಇ ಮೌಂಟ್ ಬರೀ 18 ಮಿ.ಮೀ.

ಅವಸರದವ:
ಇಷ್ಟೆಲ್ಲ ಕಸರತ್ತು ಯಾಕೆ? ಆಟೋಫೋಕಸ್ ಇರುವ ಎಎಫ್-ಎಸ್ 50 ಮಿ.ಮೀ. ಲೆನ್ಸ್ ಕೊಂಡರೆ ಮುಗಿಯಿತಲ್ಲ.

ಉಂಗುರಬೆರಳು:
ಓಡಾಡುವ ಮಕ್ಕಳನ್ನು ಹಿಡಿಯಬೇಕಾದರೆ ನೀವು ಹೇಳಿದ್ದೇ ಸರಿ, ನಾನೂ ಅದನ್ನೇ ಹಾಕುತ್ತೇನೆ. ಆದರೆ 28 ಮಿ.ಮೀ. ಮ್ಯಾನುಯಲ್ ಲೆನ್ಸನ್ನು ಎಫ್/8ರಲ್ಲಿ ಐದು ಮೀಟರಿಗೆ ಇಟ್ಟುಬಿಟ್ಟರೆ ಎರಡೂವರೆ ಮೀಟರಿನಿಂದ ದಿಗಂತದವರೆಗೆ ಸ್ಪಷ್ಟ. ಆಗ ಫೋಕಸ್ ಮಾಡುವ ಕೆಲಸವೇ ಇಲ್ಲ. ಯಾವ ಆಟೋಫೋಕಸ್ ಅದಕ್ಕಿಂತ ವೇಗ? ಲೆನ್ಸಿನ ಮೇಲಿನ ಆಳದ ಗೆರೆಗಳನ್ನು ಮಾತ್ರ ಪೂರ್ತಿ ನಂಬಬೇಡಿ. ಅವು 35 ಮಿ.ಮೀ. ಫಿಲ್ಮಿಗೆ ಬರೆದವು, ಈ ಕ್ಯಾಮೆರಾದ ಸಂವೇದಕ ಅದಕ್ಕಿಂತ ಚಿಕ್ಕದು. ಎಫ್/8 ಇಟ್ಟಾಗ ಎಫ್/5.6ರ ಗೆರೆ ನೋಡಿ.

ಹೊಸಗಣ್ಣು:
ಚುಕ್ಕೆಯ ಎರಡೂ ಅಂಚು ನೋಡಿ ನಡುವೆ ನಿಲ್ಲಿಸುವುದು ಫಲ ಕೊಟ್ಟಿದೆ, ಕಣ್ಣು ಸಿಕ್ಕಿತು. ಧನ್ಯವಾದಗಳು. ಚಿಕ್ಕಪ್ಪನ ಪೆಟ್ಟಿಗೆಯಲ್ಲಿ ಇನ್ನೂ ಹಳೆಯದೊಂದು ನಿಕ್ಕೋರ್ ಇದೆ. ಅದನ್ನೂ ಹಾಕಲೇ?

ಉಂಗುರಬೆರಳು:
ಅಪರ್ಚರ್ ಉಂಗುರದಲ್ಲಿ ಮೌಂಟಿನ ಕಡೆಗೆ ಇನ್ನೊಂದು ಸಾಲು ಸಣ್ಣ ಅಂಕಿಗಳಿವೆಯೇ ನೋಡಿ. ಇದ್ದರೆ 1977ರಲ್ಲಿ ಬಂದ ಎಐ ಮಾದರಿ (ತನ್ನ ಅಪರ್ಚರನ್ನು ಕ್ಯಾಮೆರಾಗೆ ತಿಳಿಸುವ ಲೆನ್ಸ್), ಅಥವಾ ಆ ಮಾದರಿಗೆ ಪರಿವರ್ತಿಸಿದ್ದು. ಇಲ್ಲದಿದ್ದರೆ ಅದಕ್ಕೂ ಮುಂಚಿನದಿರಬಹುದು. ಡಿ3500ರ ಮೌಂಟಿನಲ್ಲಿ ಅಪರ್ಚರ್ ಓದುವ ಪುಟ್ಟ ಸನ್ನೆಕೋಲು ಇಲ್ಲವಾದ್ದರಿಂದ ಎರಡೂ ಕೂರುತ್ತವೆ. ಡಿ7000ದಂತಹ ಮೇಲಿನ ದರ್ಜೆಯ ಕ್ಯಾಮೆರಾಗಳಲ್ಲಿ ಆ ಸನ್ನೆಕೋಲು ಇರುತ್ತದೆ. ಮಾರ್ಪಡಿಸದ ಹಳೆಯ ಲೆನ್ಸನ್ನು ಬಲವಂತವಾಗಿ ತಿರುಗಿಸಿದರೆ ಆ ಸನ್ನೆಕೋಲು ಮುರಿಯಬಹುದು. ಗೆಳೆಯರ ಕ್ಯಾಮೆರಾಗೆ ಹಾಕಿ ನೋಡುವ ಆಸೆ ಬೇಡ.